‘ಹಾಲು ಆಗಿಬರುವುದಿಲ್ಲ’ ಎಂದರೆ ಏನು?
ಆಹಾರದ ಅಲರ್ಜಿ ಮತ್ತು ಅಸಹಿಷ್ಣುತೆ



ವಾರ್ಡಿಗೆ ದಾಖಲಾಗುವಾಗ ಯಾವ ಆಹಾರ ಆಗಿಬರುವುದಿಲ್ಲವೆಂದು ನರ್ಸ್ ಕೇಳುತ್ತಾರೆ. ‘ಹಾಲು ಆಗಿಬರುವುದಿಲ್ಲ’, ‘ಶೇಂಗಾ ಆಗಿಬರುವುದಿಲ್ಲ’ ಎಂದು ನೀವು ಹೇಳುತ್ತೀರಿ. ಮಾತು ಒಂದೇ ಆದರೂ ಅದರ ಹಿಂದೆ ಎರಡು ಬೇರೆ ಬೇರೆ ತೊಂದರೆಗಳಿರಬಹುದು. ಒಂದರಿಂದ ಹೊಟ್ಟೆಗೆ ಸಂಕಟ, ಇನ್ನೊಂದರಿಂದ ಪ್ರಾಣಕ್ಕೇ ಅಪಾಯ.

ಅಲರ್ಜಿ ಎಂದರೇನು?

ರೋಗಾಣುಗಳೊಡನೆ ಹೋರಾಡುವ ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದಲ್ಲಿದೆ. ಅದು ಹಾಲು, ಮೊಟ್ಟೆ, ಶೇಂಗಾ, ಮೀನು ಮುಂತಾದ ಆಹಾರದ ಪ್ರೋಟೀನನ್ನು ಶತ್ರುವೆಂದು ಭಾವಿಸಿ ಪ್ರತಿಕ್ರಿಯಿಸುವುದೇ ಅಲರ್ಜಿ. ತಿಂದ ಕೆಲವು ನಿಮಿಷಗಳಿಂದ ಸುಮಾರು 2 ಗಂಟೆಯೊಳಗೆ ಮೈಮೇಲೆ ತುರಿಕೆಯ ದದ್ದು, ತುಟಿ ಮತ್ತು ಕಣ್ಣಿನ ಊತ, ವಾಂತಿ ಕಾಣಿಸಬಹುದು. ಅತಿ ಕಡಿಮೆ ಪ್ರಮಾಣವೂ ಸಾಕು. ಶೇಂಗಾ ಚಟ್ನಿಪುಡಿಯ ಚಮಚದಿಂದಲೇ ಪಲ್ಯ ಬಡಿಸಿದರೂ ತೊಂದರೆಯಾಗಬಹುದು.

ಅಸಹಿಷ್ಣುತೆ ಎಂದರೇನು?

ಇದು ಹೆಚ್ಚಾಗಿ ಜೀರ್ಣಕ್ರಿಯೆಯ ತೊಂದರೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಅದು ಕಡಿಮೆಯಾದರೆ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಹುದುಗುತ್ತದೆ. ಆಗ ಹೊಟ್ಟೆ ಉಬ್ಬರ, ನೋವು, ಭೇದಿ ಆಗುತ್ತವೆ. ದಕ್ಷಿಣ ಭಾರತದ ವಯಸ್ಕರಲ್ಲಿ ಇದು ಸಾಮಾನ್ಯ. ಮಕ್ಕಳಿಗೆ ಜೋರು ಭೇದಿಯಾದ ಮೇಲೆ ಕೆಲದಿನ ಹೀಗಾಗಬಹುದು. ಅದಕ್ಕಾಗಿ ಎದೆಹಾಲು ನಿಲ್ಲಿಸಬೇಡಿ.

ವ್ಯತ್ಯಾಸ ಏಕೆ ಮುಖ್ಯ?

ಲ್ಯಾಕ್ಟೋಸ್ ಒಗ್ಗದವರಲ್ಲಿ ಅನೇಕರಿಗೆ ಸ್ವಲ್ಪ ಹಾಲು, ಮೊಸರು, ಮಜ್ಜಿಗೆ ನಡೆಯುತ್ತದೆ. ಹಾಲಿನ ಅಲರ್ಜಿ ಇರುವವರಿಗೆ ಮೊಸರು, ಮಜ್ಜಿಗೆ, ಪನೀರು, ಪೇಡೆ ಎಲ್ಲವೂ ಅಪಾಯಕಾರಿ. ‘ಹಾಲು ಬೇಡವಾದರೆ ಮಜ್ಜಿಗೆ ಕೊಡಿ’ ಎಂಬ ಸಲಹೆ ಒಬ್ಬರಿಗೆ ಉಪಕಾರ, ಇನ್ನೊಬ್ಬರಿಗೆ ಕಂಟಕ.

ನಮಗೆ ಇಷ್ಟು ತಿಳಿಸಿ

1. ಏನು ತಿಂದಿರಿ? ಎಷ್ಟು ತಿಂದಿರಿ?
2. ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು?
3. ಹೊಟ್ಟೆಗೆ ಮಾತ್ರವೇ, ಚರ್ಮ ಮತ್ತು ಉಸಿರಾಟಕ್ಕೂ ಆಯಿತೇ?
4. ತಿಂದಾಗಲೆಲ್ಲ ಹೀಗಾಗುತ್ತದೆಯೇ?

ಯಾವುದೆಂದು ವೈದ್ಯರೇ ನಿರ್ಧರಿಸಬೇಕು. ಅಲರ್ಜಿಯಲ್ಲೂ ಹೊಟ್ಟೆನೋವು ಬರಬಹುದು. ಅನುಮಾನವಿರುವ ಆಹಾರವನ್ನು ಮನೆಯಲ್ಲಿ ಮತ್ತೆ ತಿನ್ನಿಸಿ ಪರೀಕ್ಷಿಸಬೇಡಿ.

ತುರ್ತು ಲಕ್ಷಣಗಳು

ಉಬ್ಬಸ, ಗಂಟಲು ಬಿಗಿತ, ಧ್ವನಿ ಒಡೆಯುವುದು, ನಾಲಿಗೆ ಊತ, ತಲೆಸುತ್ತು, ಪ್ರಜ್ಞೆ ತಪ್ಪುವುದು ಕಂಡರೆ ತಡಮಾಡಬೇಡಿ. ವಾರ್ಡಿನಲ್ಲಿದ್ದರೆ ತಕ್ಷಣ ನರ್ಸನ್ನು ಕೂಗಿ. ಮನೆಯಲ್ಲಿದ್ದರೆ 108ಕ್ಕೆ ಕರೆಮಾಡಿ. ರೋಗಿಯನ್ನು ಮಲಗಿಸಿ ಕಾಲನ್ನು ಎತ್ತರದಲ್ಲಿಡಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಇದಕ್ಕೆ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಮೊದಲ ಔಷಧಿ. ತುರಿಕೆಯ ಮಾತ್ರೆ ಸಾಲದು. ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರುಕಳಿಸಬಹುದು. ಆದ್ದರಿಂದ ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲೇ ಇರಿ.

ಸಂಬಂಧಿಕರಲ್ಲಿ ವಿನಂತಿ

ಮನೆಯಿಂದ ತಂದ ಬುತ್ತಿಯನ್ನು ಹಂಚಿ ಉಣ್ಣುವುದು ಒಳ್ಳೆಯ ರೂಢಿ. ಆದರೆ ಪಕ್ಕದ ಹಾಸಿಗೆಯ ಮಗುವಿಗೆ ಶೇಂಗಾ ಉಂಡಿ ಕೊಡುವ ಮೊದಲು ಅದರ ತಾಯಿಯನ್ನು ಒಂದು ಮಾತು ಕೇಳಿ.