ಗುರುವಿನ ಕಣ್ಣು ಎಲ್ಲಿರುತ್ತದೆ?

ಭರತನಾಟ್ಯ ಕಲಿತೆ, ಸಿನಿಮಾ ಹಾಡುಗಳ ಗುಂಪಿನಲ್ಲಿ ಕುಣಿದೆ, ಈಗ ಚೆನ್ನೈನ ಸಿನಿಮಾ ಬಡಾವಣೆ ಕೋಡಂಬಾಕ್ಕಂನಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಕಲಿತ ನೃತ್ಯಗಳಲ್ಲಿ ಎಷ್ಟೋ ಮರೆತುಹೋಗಿವೆ. ಗುರುಗಳು ಯಾವುದನ್ನು ಬಿಡದೆ ಗಮನಿಸುತ್ತಿದ್ದರೋ ಅದು ಮಾತ್ರ ಮೈಯಲ್ಲಿ ನಿಂತಿದೆ.

1. ಮೊದಲ ಗುರು ಮಂಡಿಯಲ್ಲಿ ಉಳಿಯುತ್ತಾರೆ.

ನನ್ನ ಮೊದಲ ಮೇಷ್ಟ್ರ ಕೋಲು ತಟ್ಟುಮಣೆಯ ಮೇಲೆ, ಕಣ್ಣು ನಮ್ಮ ಮಂಡಿಗಳ ಮೇಲೆ. ಅರೆಮಂಡಿಯಲ್ಲಿ ಕೂತಾಗ ಪಾದ ಯಾವ ಕಡೆಗೋ ಮಂಡಿಯೂ ಆ ಕಡೆಗೇ ತೆರೆಯಬೇಕು, ತಿರುವು ಸೊಂಟದ ಕೀಲಿನಿಂದ ಬರಬೇಕು. ಪಾದ ಹೊರಗೆ ತಿರುಗಿ ಮಂಡಿ ಮುಂದಕ್ಕೇ ಉಳಿದರೆ ತಿರುಚಿದ ಭಾರವೆಲ್ಲ ಮಂಡಿಗೇ. ಮೂರನೇ ಕಾಲದ, ಅಂದರೆ ಮೂರನೇ ವೇಗದ, ತಟ್ಟಡವಿನಲ್ಲಿ (ಪಾದ ತಟ್ಟುವ ಅಡವಿನಲ್ಲಿ) ಯಾರಾದರೂ ಸ್ವಲ್ಪ ಮೇಲೆದ್ದರೂ ಕೋಲಿನ ಸದ್ದು ನಿಂತುಬಿಡುತ್ತಿತ್ತು. ಬೈಗುಳವಿಲ್ಲ, ಮತ್ತೆ ಒಂದನೇ ಕಾಲದಿಂದ ಶುರು. ಮುಂದೆ ಸ್ಟುಡಿಯೋದ ಗಟ್ಟಿ ನೆಲದ ಮೇಲೆ ರಾತ್ರಿ ಕಾಲ್‌ಶೀಟುಗಳಲ್ಲಿ ನನ್ನ ಮಂಡಿ ಉಳಿಸಿದ್ದು ಆ ಹಟ.

2. ಸಿನಿಮಾದ ಡಾನ್ಸ್ ಮಾಸ್ಟರೂ ಗುರುವೇ.

ಶೂಟಿಂಗಿನಲ್ಲಿ ಹಾಡು ಇಡಿಯಾಗಿ ಸಿಗುವುದಿಲ್ಲ. ನಮ್ಮ ಕಾಲದಲ್ಲಿ ನಾಗ್ರಾ ಟೇಪ್ ರೆಕಾರ್ಡರಿನಲ್ಲಿ ಒಂದೊಂದೇ ಬಿಟ್ ಹಾಕುತ್ತಿದ್ದರು, ಎಂಟೆಂಟು ಎಣಿಕೆಯಲ್ಲಿ ಕಲಿಯಬೇಕಿತ್ತು. ಹಿಂದಿನ ಶಾಟ್ ಮುಗಿದಾಗ ಯಾವ ಕೈ ಮೇಲಿತ್ತು, ಭಾರ ಯಾವ ಕಾಲಿನ ಮೇಲಿತ್ತು ಎಂಬ ನೆನಪು ಕಡೆಯ ಸಾಲಿನ ಹುಡುಗಿಗೂ ಇರಬೇಕು. ಒಳ್ಳೆಯ ಮಾಸ್ಟರ್ ನಾಯಕಿಯನ್ನು ನೋಡಿದಷ್ಟೇ ಕಡೆಯ ಸಾಲನ್ನೂ ನೋಡುತ್ತಾರೆ. ಹಿಂದೆ ನಿಂತವರಿಗೆ ಅದು ಎಷ್ಟು ದೊಡ್ಡ ಗೌರವ ಎಂಬುದು ಅಲ್ಲಿ ನಿಂತವರಿಗೇ ಗೊತ್ತು.

3. ಮನೆಯಲ್ಲೇ ಮಾಸ್ಟರಿದ್ದರೂ ಹೊರಗೆ ಕಲಿಯಿರಿ.

ಕರ್ನಾಟಕದ ನಮ್ಮ ಮೂಗೂರಿನಿಂದ ಮದರಾಸಿಗೆ ಬಂದ ಮೂಗೂರು ಸುಂದರ್ ಇಲ್ಲಿ ಸಿನಿಮಾಗಳಿಗೆ ನೃತ್ಯ ಸಂಯೋಜಿಸುತ್ತ ಎಲ್ಲರ ಬಾಯಲ್ಲಿ ಸುಂದರಂ ಮಾಸ್ಟರ್ ಆದರು. ರಾಜು ಸುಂದರಂ, ಪ್ರಭುದೇವ, ನಾಗೇಂದ್ರ ಪ್ರಸಾದ್ ಮೂವರು ಮಕ್ಕಳೂ ಅದೇ ದಾರಿ ಹಿಡಿದರು. ಆದರೆ ಪ್ರಭುದೇವ ಭರತನಾಟ್ಯ ಕಲಿತದ್ದು ಧರ್ಮರಾಜ್ ಮತ್ತು ಉಡುಪಿ ಲಕ್ಷ್ಮೀನಾರಾಯಣನ್ ಅವರ ಬಳಿ. 1994ರ ‘ಕಾದಲನ್’ ಚಿತ್ರದ ಹಾಡುಗಳನ್ನು ಸದ್ದಿಲ್ಲದೆ ಹಾಕಿ ಪಾದಗಳನ್ನಷ್ಟೇ ನೋಡಿ. ಮೈಗೆ ಮೂಳೆಯೇ ಇಲ್ಲವೇನೋ ಎನ್ನಿಸುತ್ತದೆ, ಪಾದ ಮಾತ್ರ ಬೀಳಬೇಕಾದಲ್ಲೇ ಬೀಳುತ್ತದೆ. ಅದು ಅಡವು ತಿದ್ದಿದವರ ಕೈಗುಣ ಎಂದೇ ನನ್ನ ನಂಬಿಕೆ. ‘ಮಿನ್ಸಾರ ಕನವು’ ಚಿತ್ರದ ನೃತ್ಯ ಸಂಯೋಜನೆಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, 2019ರಲ್ಲಿ ಪದ್ಮಶ್ರೀ. ಜನ ತಂದೆಯ ಹೆಸರು ಹೇಳುತ್ತಾರೆ. ಉಡುಪಿಯ ಹೆಸರು ಹೊತ್ತ ಗುರುಗಳನ್ನು ನಾವು ಕನ್ನಡಿಗರಾದರೂ ನೆನೆಯಬೇಡವೇ?

4. ಶಾಸ್ತ್ರೀಯದವರು ಮೇಲು, ಸಿನಿಮಾದವರು ಕೀಳು ಎನ್ನುವ ಮಾತಿಗೆ ಕಿವಿಗೊಡಬೇಡಿ. ಕೂಚಿಪುಡಿ ನೃತ್ಯದ ಗುರು ವೆಂಪಟಿ ಚಿನ್ನಸತ್ಯಂ ಅವರೂ ಮದರಾಸಿನಲ್ಲಿ ಮೊದಲು ಸಿನಿಮಾ ಕೆಲಸ ಮಾಡಿದವರೇ. 1963ರಲ್ಲಿ ಅವರು ಇದೇ ಊರಲ್ಲಿ ಕಟ್ಟಿದ ಅಕಾಡೆಮಿಯಿಂದ ಎಷ್ಟು ಜನ ಕಲಾವಿದರು ಬಂದರು!

5. ಗುರುವಿನ ಸಿಟ್ಟೂ ಶಿಷ್ಯರಿಗೆ ಅಂಟುತ್ತದೆ.

ಕೋಲು ಎಸೆಯುವವರನ್ನೂ ಕಂಡಿದ್ದೇನೆ. ಅಂಥ ತರಗತಿಯ ಮಕ್ಕಳ ತಾಳ ತಪ್ಪುವುದಿಲ್ಲ, ಕಣ್ಣು ಮಾತ್ರ ನೆಲ ಬಿಟ್ಟು ಮೇಲೇಳುವುದಿಲ್ಲ. ಕಣ್ಣೆತ್ತದ ಮಗುವಿಗೆ ಅಭಿನಯ ಹೇಳಿಕೊಡುವುದು ಹೇಗೆ? ಅವರೇ ಮುಂದೆ ಟೀಚರ್ ಆದಾಗ ಅದೇ ಕೋಲು ಎಸೆಯುತ್ತಾರೆ. ಈ ಸರಪಳಿಯನ್ನು ಯಾರಾದರೂ ಒಬ್ಬರು ಹಟ ಹಿಡಿದು ಕಡಿಯಲೇಬೇಕು.

6. ಬೇರೆಯವರ ಪಾಠವನ್ನು ಅಳಿಸಬೇಡಿ.

ಮನೆ ಬದಲಾಯಿಸಿ ನನ್ನಲ್ಲಿಗೆ ಬರುವ ಮಕ್ಕಳಿಗೆ ಹಿಂದಿನ ಟೀಚರ್ ಹೆಸರು ಕೇಳುತ್ತೇನೆ, ಅವರು ಕಲಿಸಿದ ಅಲಾರಿಪು ಮಾಡಿಸಿ ಪೂರ್ತಿ ನೋಡುತ್ತೇನೆ. ನನ್ನ ಬಾಣಿ (ಶೈಲಿ) ಬೇರೆಯಾದರೂ ಕೆಲವು ತಿಂಗಳು ಅದನ್ನು ಹಾಗೇ ಇರಗೊಡುತ್ತೇನೆ. ಮಂಡಿಗೆ ಪೆಟ್ಟಾಗುವಂಥದ್ದಿದ್ದರೆ ಮಾತ್ರ ಅಂದೇ ತಿದ್ದುತ್ತೇನೆ.