ಎಣ್ಣೆಯ ವಾಸನೆ, ಸಾಲದ ಲೆಕ್ಕ: ಸುಗಂಧ ತೈಲದ ಬಗ್ಗೆ ಒಂದು ಪಾಠ



ರಾಯಬಾಗ ಭಾಗದ ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಅಕ್ಕ ಕೇಳಿದರು: "ಸಿಸ್ಟರ್, ಗವತಿ ಚಹಾದ ಹುಲ್ಲು ಹಚ್ಚಿ ಎಣ್ಣಿ ತಗದ್ರ ಲಕ್ಷಗಟ್ಟಲೆ ಬರತೈತಂತ. ಸಸಿ ಅವರ ಕೊಡತಾರಂತ, ಹುಲ್ಲೂ ಅವರ ಒಯ್ತಾರಂತ. ಸಂಘದಿಂದ ಸಾಲ ತಗೊಳ್ಳೂಣೇನ್ರಿ?"

ನಾನು ಹೌದು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಮಾತು ನಂಬಿ ಇನ್ನೊಂದು ಸಂಘ ಸಾಲ ಮಾಡಿತ್ತು. ಸಸಿ ಮಾರಿದವರು ಹಣ ಎಣಿಸಿಕೊಂಡು ಹೋದರು. ಹುಲ್ಲು ಕೊಯ್ಯುವ ಹೊತ್ತಿಗೆ ಫೋನ್ ಎತ್ತಲಿಲ್ಲ. ಹುಲ್ಲು ಹೊಲದಲ್ಲೇ ಒಣಗಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಆಗ ಏನು ಕೇಳಬೇಕೆಂದು ನನಗೂ ತಿಳಿದಿರಲಿಲ್ಲ. ಅದಕ್ಕೇ ಈ ಸಲದ ಪಾಠ.

1. ಎರಡು ಬಗೆಯ ಎಣ್ಣೆ

ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಗಾಣದಲ್ಲಿ ಹಿಂಡಿದರೆ ಬರುತ್ತವೆ. ಇವು ಜಿಡ್ಡಿನ ಎಣ್ಣೆ. ಲವಂಗ, ಅಜಿವಾನ, ಗವತಿ ಚಹಾ, ಶ್ರೀಗಂಧ ಇವುಗಳಲ್ಲಿರುವುದು ಹಾರಿಹೋಗುವ ಎಣ್ಣೆ. ಇದನ್ನೇ ಸುಗಂಧ ತೈಲ ಎನ್ನುತ್ತೇವೆ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಬಿಳಿ ಕಾಗದದ ಮೇಲೆ ಒಂದು ಹನಿ ಶೇಂಗಾ ಎಣ್ಣೆ, ಪಕ್ಕದಲ್ಲಿ ಒಂದು ಹನಿ ನೀಲಗಿರಿ ಎಣ್ಣೆ ಹಾಕಿ ಮರುದಿನ ನೋಡಿ. ಶೇಂಗಾ ಎಣ್ಣೆಯ ಕಲೆ ಹಾಗೇ ಇರುತ್ತದೆ. ನೀಲಗಿರಿ ಎಣ್ಣೆಯದು ಬಹುಪಾಲು ಹಾರಿಹೋಗಿರುತ್ತದೆ. ಶುದ್ಧ ನೀಲಗಿರಿ ಎಣ್ಣೆ ಎಂದು ಕೊಂಡದ್ದು ಜಿಡ್ಡಿನ ಕಲೆ ಬಿಟ್ಟರೆ ಅದರಲ್ಲಿ ಅಗ್ಗದ ಎಣ್ಣೆ ಬೆರೆತಿದೆ ಎಂದು ಅನುಮಾನಿಸಬೇಕು. ಆದರೆ ಟರ್ಪೆಂಟೈನ್ ಬೆರೆಸಿದರೆ ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಅದೂ ಹಾರಿಹೋಗುತ್ತದೆ.

2. ಗಿಡದೊಳಗೆ ಏನಿದೆ?

ಗಿಡ ಈ ಎಣ್ಣೆ ಮಾಡುವುದು ನಮಗಾಗಿ ಅಲ್ಲ. ತಿನ್ನಲು ಬರುವ ಹುಳುಗಳನ್ನು ಓಡಿಸಲು, ಹೂವಿಗೆ ಜೇನುನೊಣ ಕರೆಯಲು ಅದಕ್ಕೆ ವಾಸನೆ ಬೇಕು. ಕರಿಮಣಿ ಪೋಣಿಸುವುದನ್ನು ನೆನೆಸಿಕೊಳ್ಳಿ. ಗಿಡವು ಐದೈದು ಇಂಗಾಲದ ಕಣಗಳ ತುಂಡು ಮಾಡಿಕೊಂಡು, ಎರಡು ತುಂಡು ಅಥವಾ ಮೂರು ತುಂಡು ಜೋಡಿಸುತ್ತದೆ. ಜೋಡಿಸುವ ರೀತಿ ಬದಲಾದರೆ ವಾಸನೆಯೂ ಬದಲಾಗುತ್ತದೆ. ಈ ಗುಂಪಿಗೆ ಟರ್ಪೀನು ಎಂದು ಹೆಸರು. ಇದನ್ನು ಬಿಡಿಸಿ ತಿಳಿಸಿದ ಜರ್ಮನಿಯ ಒಟ್ಟೊ ವಾಲಾಕ್ ಅವರಿಗೆ 1910ರಲ್ಲಿ ನೊಬೆಲ್ ಬಹುಮಾನ ಬಂತು.

ಒಂದೊಂದು ಗಿಡಕ್ಕೂ ಒಂದು ಮುಖ್ಯ ವಸ್ತು ಇರುತ್ತದೆ. ಗವತಿ ಚಹಾದಲ್ಲಿ ಸಿಟ್ರಾಲ್, ರೋಶಾ ಹುಲ್ಲಿನಲ್ಲಿ ಜೆರಾನಿಯಾಲ್, ಅಜಿವಾನದಲ್ಲಿ ಥೈಮಾಲ್, ಶ್ರೀಗಂಧದಲ್ಲಿ ಸ್ಯಾಂಟಲಾಲ್. ಲವಂಗದ ಯೂಜಿನಾಲ್ ಟರ್ಪೀನಲ್ಲ, ಬೇರೆ ದಾರಿಯಲ್ಲಿ ತಯಾರಾಗುತ್ತದೆ. ಹಲ್ಲುನೋವಿಗೆ ಲವಂಗ ಇಟ್ಟಾಗ ಮರಗಟ್ಟಿಸುವುದು ಅದೇ. ಕೊಳ್ಳುವವರು ದರ ಹೇಳುವಾಗ ಈ ಮುಖ್ಯ ವಸ್ತು ಎಷ್ಟಿದೆ ಎಂದು ನೋಡುತ್ತಾರೆ. ಒಳ್ಳೆಯ ಗವತಿ ಚಹಾ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಸಿಟ್ರಾಲ್ ಇರಬೇಕು.

3. ಎಣ್ಣೆ ತೆಗೆಯುವುದು ಹೇಗೆ?

ನೀವು ಇದನ್ನು ಈಗಾಗಲೇ ಕಂಡಿದ್ದೀರಿ. ಅರಿಷಿಣ ಕುದಿಸುವಾಗ ಊರಿಗೆಲ್ಲ ವಾಸನೆ ಬರುತ್ತದಲ್ಲ, ಅದು ಆವಿಯ ಜೊತೆ ಹೋಗುತ್ತಿರುವ ಎಣ್ಣೆ. ಆ ಆವಿಯನ್ನು ಮುಚ್ಚಿದ ಹಂಡೆಯಿಂದ ಕೊಳವೆಯಲ್ಲಿ ಹಾಯಿಸಿ, ಕೊಳವೆಯನ್ನು ತಣ್ಣೀರಿನಲ್ಲಿ ಇಟ್ಟರೆ ಆವಿ ಮತ್ತೆ ನೀರಾಗುತ್ತದೆ. ಎಣ್ಣೆ ಮೇಲೆ ತೇಲುತ್ತದೆ. ಇದೇ ಭಟ್ಟಿ ಇಳಿಸುವುದು. ಸಿಟ್ರಾಲ್ ತಾನೊಂದೇ ಕುದಿಯಬೇಕಾದರೆ 200 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ನೀರಿನ ಆವಿ ಜೊತೆಗಿದ್ದರೆ 100 ಡಿಗ್ರಿಯೊಳಗೇ ಎದ್ದು ಬರುತ್ತದೆ. ಅದರಿಂದಲೇ ಎಣ್ಣೆ ಸುಟ್ಟು ಕೆಡುವುದಿಲ್ಲ.

ಅರಿಷಿಣದ ಹಳದಿ ಬಣ್ಣ, ಅಂದರೆ ಕರ್ಕ್ಯುಮಿನ್, ಆವಿಯ ಜೊತೆ ಬರುವುದಿಲ್ಲ. ವಾಸನೆ ಕೊಡುವ ಟರ್ಮೆರೋನ್ ಮಾತ್ರ ಬರುತ್ತದೆ. ನಾವು ಕೊಯ್ದು ಎಸೆಯುವ ಅರಿಷಿಣದ ಎಲೆಯಲ್ಲೂ ಎಣ್ಣೆ ಇದೆ. ಅದನ್ನು ಭಟ್ಟಿ ಇಳಿಸಬಹುದು, ಆದರೆ ಕೊಳ್ಳುವವರು ಇದ್ದಾರೆಯೇ ಎಂದು ಮೊದಲು ನೋಡಬೇಕು.

4. ಮೈಸೂರು ಕಲಿಸಿದ ಪಾಠ

1914ಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಕೊರಡು ಹೊರದೇಶಕ್ಕೆ, ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆದು ಲಾಭ ಪಡೆಯುವವರು ಅವರು. ಮಹಾಯುದ್ಧ ಶುರುವಾಗಿ ವ್ಯಾಪಾರ ನಿಂತಾಗ ಕೊರಡು ರಾಶಿ ಬಿತ್ತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ತಜ್ಞರು ಎಣ್ಣೆ ತೆಗೆಯುವ ಪ್ರಯೋಗ ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ಸರ್ಕಾರವೇ ಎಣ್ಣೆ ಕಾರ್ಖಾನೆ ತೆರೆಯಿತು. ಆಮೇಲೆ ಮೈಸೂರು ಸ್ಯಾಂಡಲ್ ಸೋಪು ಬಂತು.

ಇದರಲ್ಲಿ ಎರಡು ಪಾಠ ಇವೆ. ಕಚ್ಚಾ ಮಾಲು ಮಾರುವವರಿಗಿಂತ ಎಣ್ಣೆ ತೆಗೆಯುವವರಿಗೆ ಹೆಚ್ಚು ಸಿಗುತ್ತದೆ. ಆದರೆ ಮೊದಲು ಪ್ರಯೋಗ, ಆಮೇಲೆ ಕಾರ್ಖಾನೆ.

5. ಸಂಘದ ಲೆಕ್ಕ

100 ಕಿಲೋ ಹಸಿ ಗವತಿ ಚಹಾ ಹುಲ್ಲಿನಿಂದ ಸುಮಾರು ಅರ್ಧದಿಂದ ಮುಕ್ಕಾಲು ಕಿಲೋ ಎಣ್ಣೆ ಬರುತ್ತದೆ. ಅಂದರೆ ಒಂದು ಟನ್ನಿಗೆ 5ರಿಂದ ಏಳೂವರೆ ಕಿಲೋ. ಈಗ ಲೆಕ್ಕ ಹಾಕಿರಿ: ಎಣ್ಣೆಯ ಇಂದಿನ ದರದಿಂದ ಬರುವ ಹಣದಲ್ಲಿ ಕೊಯ್ಲಿನ ಕೂಲಿ, ಸಾಗಣೆ, ಸೌದೆ, ಭಟ್ಟಿಯ ಬಾಡಿಗೆ, ಸಾಲದ ಕಂತು ಕಳೆಯಿರಿ. ಉಳಿದದ್ದು ಆದಾಯ.

ಭಟ್ಟಿ ದೂರವಿದ್ದರೆ ನೀವು ಬಾಡಿಗೆ ಕೊಟ್ಟು ಸಾಗಿಸುವುದು ಬಹುಪಾಲು ನೀರು ಮತ್ತು ಹುಲ್ಲನ್ನೇ. ಕೊಯ್ದ ಹುಲ್ಲನ್ನು ಒಂದು ದಿನದೊಳಗೆ ನೆರಳಲ್ಲಿ ಬಾಡಿಸಿದರೆ ಹಂಡೆಯಲ್ಲಿ ಹೆಚ್ಚು ಹಿಡಿಸುತ್ತದೆ. ದಿನಗಟ್ಟಲೆ ಇಟ್ಟರೆ ಎಣ್ಣೆ ಕಡಿಮೆಯಾಗುತ್ತದೆ.

ಕೃಷ್ಣಾ ದಂಡೆಯ ಅಥಣಿ, ಕಾಗವಾಡ ಕಡೆ ಕಬ್ಬಿಗೆ ನೀರು ಹೆಚ್ಚಾಗಿ ಸವಳಾದ ಭೂಮಿ ಇದೆ. ರೋಶಾ ಹುಲ್ಲು ಸ್ವಲ್ಪ ಸವಳು ತಡೆಯುತ್ತದೆ. ಆದರೆ ನೀರು ನಿಂತರೆ ಅದೂ ಉಳಿಯುವುದಿಲ್ಲ.

6. ತಾಯಂದಿರಿಗೆ ಎಚ್ಚರಿಕೆ

ಹನಿಯಲ್ಲೇ ಇಷ್ಟು ಶಕ್ತಿ ಇರುವುದರಿಂದ ಇದು ಔಷಧಿಯೂ ಹೌದು, ವಿಷವೂ ಹೌದು. ಕರ್ಪೂರ ಅಥವಾ ನೀಲಗಿರಿ ಎಣ್ಣೆ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಎಳೆಕೂಸಿನ ಮೂಗಿಗೆ, ಎದೆಗೆ ಹಚ್ಚಬೇಡಿರಿ. ಮಗು ನುಂಗಿದರೆ ವಾಂತಿ ಮಾಡಿಸಬೇಡಿರಿ, ಬಾಟಲಿ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿರಿ. ದೊಡ್ಡವರು ಮೈಗೆ ಹಚ್ಚುವುದಾದರೂ ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದೆರಡು ಹನಿ ಸಾಕು.

7. ಸಹಿ ಹಾಕುವ ಮುಂಚೆ ಕೇಳಿರಿ

- ಭಟ್ಟಿ ಎಲ್ಲಿದೆ? ನಾವು ಹೋಗಿ ನೋಡಬಹುದೇ?
- ಸಸಿಯ ತಳಿ ಯಾವುದು? ಎಲ್ಲಿಂದ ತಂದದ್ದು?
- ಎಣ್ಣೆಯ ಪರೀಕ್ಷೆ ಯಾರು ಮಾಡುತ್ತಾರೆ? ವರದಿ ನಮಗೆ ಕೊಡುತ್ತಾರೆಯೇ?
- ಮರಳಿ ಕೊಳ್ಳುವ ಮಾತು ಕಾಗದದಲ್ಲಿ, ಕನ್ನಡದಲ್ಲಿ ಇದೆಯೇ? ಕೊಳ್ಳದಿದ್ದರೆ ಏನು?

ಲಖನೌದಲ್ಲಿರುವ, 1959ರಲ್ಲಿ ಶುರುವಾದ ಸೀಮ್ಯಾಪ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇಂಥ ಗಿಡಗಳ ಮೇಲೆಯೇ ಸಂಶೋಧನೆ ಮಾಡುತ್ತದೆ. ಅದರ ಕೇಂದ್ರ ಬೆಂಗಳೂರಿನಲ್ಲೂ ಇದೆ. ಏಜೆಂಟರ ಮಾತಿಗಿಂತ ಮುಂಚೆ ಅಲ್ಲಿ ವಿಚಾರಿಸಿರಿ.

ಯೊವಾನ್ನನ ಶುಭಸಂದೇಶದಲ್ಲಿ ಮರಿಯಳು ಯೇಸುವಿನ ಪಾದಕ್ಕೆ ಹಚ್ಚಿದ ಜಟಾಮಾಂಸಿ ತೈಲ ನಮ್ಮ ಹಿಮಾಲಯದ ಗಿಡದ ಬೇರಿನದು. ಅದರ ಬೆಲೆ 300 ದೆನಾರಿ, ಹೆಚ್ಚುಕಡಿಮೆ ಒಬ್ಬ ಕೂಲಿಯ ಒಂದು ವರ್ಷದ ದುಡಿಮೆ. ಬೆಲೆ ಎತ್ತಿ ಆಡಿದ ಯೂದನ ಕೈಯಲ್ಲೇ ಹಣದ ಚೀಲವಿತ್ತು, ಅದರಿಂದ ಅವನು ಕದಿಯುತ್ತಿದ್ದ. ಸಂಘದ ಚೀಲ ಒಬ್ಬರ ಕೈಯಲ್ಲಿ ಬೇಡ, ಲೆಕ್ಕ ಎಲ್ಲರ ಕಣ್ಣೆದುರಿಗೆ ಇರಲಿ.

ಆ ರಾಯಬಾಗದ ಅಕ್ಕಂದಿರು ಈಗ ಸಾಲ ಮಾಡಿಲ್ಲ. ಬದುವಿನ ಮೇಲೆ ನಾಲ್ಕು ಬುಡ ಹಚ್ಚಿದ್ದಾರೆ. "ಮೊದಲು ಚಹಾಕ್ಕ ಹಾಕಿ ನೋಡ್ತೀವ್ರಿ ಸಿಸ್ಟರ್, ಭಟ್ಟಿ ಆಮ್ಯಾಲ," ಅಂದರು. ನನಗೂ ಅದೇ ಸರಿ ಅನ್ನಿಸಿತು.

ಚರ್ಚೆಗೆ:
1. ನಿಮ್ಮ ಊರಲ್ಲಿ ಯಾವ ವಾಸನೆಯ ಗಿಡಗಳಿವೆ? ಯಾವುದಕ್ಕೆ ಬಳಸುತ್ತೀರಿ?
2. ಮರಳಿ ಕೊಳ್ಳುತ್ತೇವೆ ಎಂದು ಹೇಳಿ ಯಾರಾದರೂ ಬಂದಿದ್ದರೇ? ಏನಾಯಿತು?
3. ಕರ್ಪೂರ, ಎಣ್ಣೆ ಬಾಟಲಿ ಮನೆಯಲ್ಲಿ ಎಲ್ಲಿ ಇಡುತ್ತೀರಿ? ಮಗುವಿನ ಕೈಗೆ ಸಿಗುತ್ತದೆಯೇ?