ಕಡಲ ಮೀನುಗಾರಿಕೆ: ಕಾಯ್ದೆ, ಪರವಾನಗಿ, ನಿಷೇಧ ಅವಧಿ

1. ಸಂವಿಧಾನ, 7ನೇ ಅನುಸೂಚಿ:
- ಮೀನುಗಾರಿಕೆ: ರಾಜ್ಯ ಪಟ್ಟಿ, ನಮೂದು 21
- ಪ್ರಾದೇಶಿಕ ಜಲದಾಚೆಯ ಮೀನುಗಾರಿಕೆ: ಕೇಂದ್ರ ಪಟ್ಟಿ, ನಮೂದು 57

2. ಸಾಗರ ವಲಯಗಳು (1976ರ ಕಾಯ್ದೆ):
- ಪ್ರಾದೇಶಿಕ ಜಲ: 12 ನಾಟಿಕಲ್ ಮೈಲಿ (ಸುಮಾರು 22 ಕಿ.ಮೀ.)
- ವಿಶೇಷ ಆರ್ಥಿಕ ವಲಯ: 200 ನಾಟಿಕಲ್ ಮೈಲಿವರೆಗೆ
- 1 ನಾಟಿಕಲ್ ಮೈಲಿ = 1.852 ಕಿ.ಮೀ.

3. ಪ್ರಮುಖ ಕಾಯ್ದೆಗಳು:
- ಕೇರಳ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ: 1980
- ವಿದೇಶಿ ಹಡಗುಗಳ ಮೀನುಗಾರಿಕೆ ನಿಯಂತ್ರಣ (ಕೇಂದ್ರ): 1981
- ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ: 1986

4. ಮುಂಗಾರು ಮೀನುಗಾರಿಕೆ ನಿಷೇಧ (61 ದಿನ):
- ಪಶ್ಚಿಮ ಕರಾವಳಿ: ಜೂನ್ 1 – ಜುಲೈ 31
- ಪೂರ್ವ ಕರಾವಳಿ: ಏಪ್ರಿಲ್ 15 – ಜೂನ್ 14
- ಉದ್ದೇಶ: ಮೀನುಗಳ ಸಂತಾನಾಭಿವೃದ್ಧಿ, ಮೀನುಗಾರರ ಸುರಕ್ಷತೆ
- ವಿನಾಯಿತಿ: ಯಂತ್ರರಹಿತ ಸಾಂಪ್ರದಾಯಿಕ ದೋಣಿಗಳು

5. ನಿಷೇಧಿತ ವಿಧಾನಗಳು: ಬುಲ್ ಟ್ರಾಲಿಂಗ್ (ಎರಡು ದೋಣಿಗಳು ಸೇರಿ ಒಂದೇ ಬಲೆ ಎಳೆಯುವುದು), ಎಲ್‌ಇಡಿ ಬೆಳಕಿನ ಮೀನುಗಾರಿಕೆ. ವಿಶೇಷ ಆರ್ಥಿಕ ವಲಯದಲ್ಲಿ ಕೇಂದ್ರದ ನಿಷೇಧ: 2017.

ಗೊಂದಲ ಬೇಡ:
- ನೋಂದಣಿ ದೋಣಿಯ ಗುರುತಿಗೆ. ಪರವಾನಗಿ ಮೀನು ಹಿಡಿಯುವ ಅನುಮತಿಗೆ. ನೋಂದಣಿಯಾದ ಮಾತ್ರಕ್ಕೆ ಪರವಾನಗಿ ಸಿಕ್ಕಂತಲ್ಲ.
- ನಿಷೇಧದ ದಿನಾಂಕ ಎರಡೂ ಕರಾವಳಿಗೆ ಬೇರೆ ಬೇರೆ. ದಿನಗಳ ಸಂಖ್ಯೆ ಒಂದೇ.
- ರಾಜ್ಯದ ಕಾಯ್ದೆಯ ವ್ಯಾಪ್ತಿ 12 ನಾಟಿಕಲ್ ಮೈಲಿ, 200 ಅಲ್ಲ.